ದೇವರ ಹೆಸರು ಕೇಳಿದ ಲ್ಯಾಪ್‌ಟಾಪ್

ನಮ್ಮ ದೊಡ್ಡಮಾವ ಜೀವಮಾನದಲ್ಲಿ ಹೊಸದಾಗಿ ಕೊಂಡ ವಸ್ತು ಯಾವುದಾದರೂ ಇದ್ದರೆ ಅದು ಬೆಂಕಿಪೊಟ್ಟಣ ಒಂದೇ ಎಂದು ನಾನು ಯಾರ ಮುಂದೆ ಬೇಕಾದರೂ ಆಣೆ ಮಾಡಿ ಹೇಳಬಲ್ಲೆ. ಅದೂ ಒಮ್ಮೆ ಗೀರಿದ ಕಡ್ಡಿ ಮತ್ತೆ ಹತ್ತುವುದಿಲ್ಲವಲ್ಲ ಎಂಬ ಒಂದೇ ಕಾರಣಕ್ಕೆ! ಉಳಿದಂತೆ ಅವರ ಮನೆಯ ಮಂಚ, ಮಿಕ್ಸಿ, ಮೊಪೆಡ್ಡು, ಗೋಡೆಯ ಗಡಿಯಾರ, ಎಲ್ಲವೂ ಇನ್ನೊಬ್ಬರ ಮನೆಯಲ್ಲಿ ಬಾಳಿ ಬದುಕಿ ಬಂದಂಥವು. ಕನ್ನಡಕವನ್ನೂ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡ ಮನುಷ್ಯರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಆ ಕನ್ನಡಕದೊಳಗಿಂದ ಅವರು ನನ್ನನ್ನು ಸರಿಯಾಗಿ ನೋಡಿದ್ದಾರೋ ಇಲ್ಲವೋ, ಅದು ಬೇರೆ ಮಾತು.

ದೊಡ್ಡಮಾವ ಎಂದರೆ ನನ್ನ ಗಂಡನ ದೊಡ್ಡಪ್ಪ. ಪಣಕಹಳ್ಳಿಯಲ್ಲಿ ರಾಗಿ, ಜೋಳ, ಕೋಸು ಬೆಳೆದುಕೊಂಡು ಇರುವವರು. ನಾನು ಚಾಮರಾಜನಗರದವಳು; ಮೂರು ವರ್ಷದ ಹಿಂದೆ ಗಡಿಯಾಚೆ ತಮಿಳುನಾಡಿಗೆ ಸೇರಿದ ಗೆಟ್ಟವಾಡಿಗೆ ಸೊಸೆಯಾಗಿ ಬಂದು, ತಾಳವಾಡಿಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಜನರ ಅರ್ಜಿ ತುಂಬಿಸುವ ಕೆಲಸ ಹಿಡಿದವಳು. ನನ್ನ ಮದುವೆಗೆ ದೊಡ್ಡಮಾವ ಕೊಟ್ಟ ಉಡುಗೊರೆ ಒಂದು ಹಳೆಯ ಗ್ರೈಂಡರ್. ಬರೀ ಗ್ರೈಂಡರ್ ಅಲ್ಲ, ಅದರ ಹಿಂದಿನ ಒಡತಿಯ ಸಮೇತ! ಆ ಹೆಂಗಸು ಆರತಕ್ಷತೆಯ ಸಾಲಿನಲ್ಲಿ ನಿಂತು, ನನ್ನ ಕೈಗೆ ಎಲೆಯಡಿಕೆ ಕೊಟ್ಟು, "ಉದ್ದು ಆಕ್ದಾಗ ಸ್ವಲ್ಪ ಮುನಿಸ್ಕತ್ತದ ಕಣವ್ವ, ಬಲಗಡೆ ಒಂದು ಏಟು ಕೊಡು, ಸರಿ ಓಯ್ತದ" ಎಂದು ಕಿವಿಯಲ್ಲಿ ಹೇಳಿ ಹೋದಳು. ನಮ್ಮ ಕಡೆಯವರು ಆಕೆ ಗಂಡಿನ ಚಿಕ್ಕಮ್ಮನಿರಬೇಕು ಎಂದುಕೊಂಡು ಸೀರೆ ಉಡಿಸಿಬಿಟ್ಟರು.

"ಯಾಕ್ ಮಾವ, ಒಂದೇ ಒಂದು ಹೊಸ ಸಾಮಾನು ತಗೊಂಡ್ರೆ ಏನಾಗುತ್ತೆ?" ಎಂದು ಆಗಲೇ ಕೇಳಿದ್ದೆ.

"ಒಸಾ ಮಾಲ್ಗ ಅನುಭವ ಇರಲ್ಲ ಕಣವ್ವ. ಕಷ್ಟ ಕಂಡಿರಲ್ಲ. ನಾಳ ಕೆಟ್ರ ಯಾರ್ನ ಕೇಳೀಯ? ಅಳೇದಾದ್ರ ಅದರ ಮನಸು ತಿಳಕಂಡೋರು ಒಬ್ಬರಾದ್ರೂ ಇರ್ತಾರ."

ಹೀಗಾಗಿ ಅವರಿಗೆ ರಕ್ತಸಂಬಂಧಿಗಳಿಗಿಂತ ಸಾಮಾನುಸಂಬಂಧಿಗಳೇ ಹೆಚ್ಚು. ಮೊಪೆಡ್ಡಿನ ಹಿಂದಿನ ಒಡೆಯ ಜೀರಹಳ್ಳಿಯಲ್ಲಿದ್ದಾನೆ; ಪ್ರತಿ ವರ್ಷ ಮೊದಲು ಮುರಿದ ಜೋಳದ ತೆನೆ ಅವನ ಮನೆಗೆ. ಗಾಡಿ ಏರಿನಲ್ಲಿ ನಿಂತರೆ ಮೆಕ್ಯಾನಿಕ್ಕಿಗೆ ಫೋನ್ ಮಾಡುವುದಿಲ್ಲ, ಅವನಿಗೇ ಮಾಡುವುದು. "ನಿಮ್ಮದು ಮತ್ತ ಅಟ ಮಾಡ್ತಾ ಅದ, ಒಸಿ ಬುದ್ಧಿ ಏಳಿ" ಎಂದು ಫೋನನ್ನು ಇಂಜಿನ್ನಿನ ಪಕ್ಕಕ್ಕೆ ಹಿಡಿಯುತ್ತಾರೆ. ಹತ್ತು ನಿಮಿಷ ಬಿಟ್ಟು ಗಾಡಿ ಹತ್ತುತ್ತದೆ. ತಣ್ಣಗಾಗಿ ಹತ್ತಿತು ಎಂದು ನಾನು ಹೇಳಿದರೆ ಕೇಳುವವರು ಯಾರು?

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಹಳೆಯ ಸಾಮಾನು ತಂದವರು ಬಾಯಿ ಮುಚ್ಚಿಕೊಂಡು ಇರುತ್ತಾರೆ, ಅಲ್ಲವೇ? ಇವರು ಬಸ್ ನಿಲ್ದಾಣದಲ್ಲಿ, ಟೀ ಅಂಗಡಿಯಲ್ಲಿ, ರೇಷನ್ ಸಾಲಿನಲ್ಲಿ ಸಿಕ್ಕವರನ್ನೆಲ್ಲ ತಡೆದು ತೋರಿಸುತ್ತಾರೆ. "ಸೆಕೆಂಡ್ ಆಂಡು ಕಣ್ಲಾ. ಬಾಳ ಒಳ್ಳೆ ಮಾಲು." ನನ್ನ ತವರಿನವರ ಎದುರು ಅವರು ಹಾಗೆ ಹೇಳುವಾಗ ನನಗೆ ಎಲ್ಲಾದರೂ ಅಡಗಿಕೊಳ್ಳೋಣ ಅನ್ನಿಸುತ್ತಿತ್ತು.

ಇಂಥ ಮನೆಯಲ್ಲಿ ದೊಡ್ಡತ್ತೆ, ಅಂದರೆ ದೊಡ್ಡಮಾವನ ಹೆಂಡತಿ, ಐವತ್ತು ದಾಟಿದ ಮೇಲೆ ಹತ್ತನೇ ಕ್ಲಾಸಿನ ಪರೀಕ್ಷೆ ಕಟ್ಟಿದರು. ಒಂಬತ್ತನೇ ಕ್ಲಾಸಿನವರೆಗೆ ಶಾಲೆಗೇ ಮೊದಲಿಗರಾಗಿದ್ದವರಂತೆ. ಅಲ್ಲಿಗೆ ಮದುವೆ ಮಾಡಿ ಶಾಲೆ ಬಿಡಿಸಿದರು. ಅರ್ಜಿ ತುಂಬಿದವಳು ನಾನೇ. ಪಾಠಗಳನ್ನು ಫೋನಿನಲ್ಲಿ ನೋಡುತ್ತಿದ್ದರು. ಆದರೆ ಆ ಚಿಕ್ಕ ಪರದೆಯಲ್ಲಿ ಅವರ ಕಣ್ಣಿಗೆ ಮೂರೂ ಒಂದೇ, ಎಂಟೂ ಒಂದೇ. ದಾರಿಯೆಲ್ಲ ಸರಿಯಿದ್ದೂ ಲೆಕ್ಕದ ಉತ್ತರ ತಪ್ಪುತ್ತಿತ್ತು. ತಲೆನೋವಿಗೆ ಹಣೆಗೆ ಬಟ್ಟೆ ಬಿಗಿದುಕೊಂಡು ಕೂರುತ್ತಿದ್ದರು. ಪರೀಕ್ಷೆಗೆ ಎರಡೂವರೆ ತಿಂಗಳು ಉಳಿದಿತ್ತು.

"ಈ ಸಲ ಆಗ್ನಿಲ್ಲ ಅಂದ್ರ ಇನ್ನಾಗಲ್ಲ ಕಣವ್ವ. ಕಣ್ಣೂ ಕಾಯಲ್ಲ, ಧೈರ್ಯಾನೂ ಕಾಯಲ್ಲ" ಎಂದರು ಒಂದು ದಿನ.

ನಾನೂ ನನ್ನ ಗಂಡನೂ ಹೊಸ ಲ್ಯಾಪ್‌ಟಾಪ್ ಕೊಡಿಸುತ್ತೇವೆ ಎಂದೆವು. ದೊಡ್ಡಮಾವ ಕೇಳಿಸದವರಂತೆ ಎದ್ದು ಹೋದರು. ಎರಡು ದಿನ ಬಿಟ್ಟು ಸತ್ಯಮಂಗಲಕ್ಕೆ ಹೋಗಿ, ಟವೆಲಿನಲ್ಲಿ ಸುತ್ತಿ ಒಂದನ್ನು ತಂದರು. ಸೆಕೆಂಡ್ ಹ್ಯಾಂಡ್ ಎಂದು ಬೇರೆ ಹೇಳಬೇಕೆ?

ಆ ಭಾನುವಾರ ನಾನು ಪಣಕಹಳ್ಳಿಗೆ ಹೋದಾಗ ಕಂಡ ದೃಶ್ಯವನ್ನು ಮರೆಯಲಾರೆ. ದೊಡ್ಡಮಾವ ತಲೆಗೆ ನೀರು ಹಾಕಿಕೊಂಡು, ವಿಭೂತಿ ಬಳಿದುಕೊಂಡು, ಮಣೆಯ ಮೇಲೆ ಕುಳಿತಿದ್ದಾರೆ. ಎದುರಿಗೆ ಲ್ಯಾಪ್‌ಟಾಪು. ಪಕ್ಕದಲ್ಲಿ ಊದುಬತ್ತಿ. ಪರದೆಯ ಮೇಲೆ ದಪ್ಪ ಮೀಸೆಯ ಹಿರಿಯರೊಬ್ಬರ ಫೋಟೋ, ಅದರ ಕೆಳಗೆ ತಮಿಳಿನಲ್ಲಿ ಒಂದು ಸಾಲು. ದೊಡ್ಡಮಾವ ಒಂದೇ ಬೆರಳಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದಾರೆ.

"ಏನ್ ಮಾವ ಇದು?"

"ದೇವ್ರ ಎಸರು ಕೇಳ್ತಾ ಅದ ಕಣವ್ವ. ಇಲ್ಲಿ ಬರ್ದದ ನೋಡು, ಕಡವುಳ್ ಸೊಲ್ಲು ಅಂತ. ಬೆಳಿಗ್ಗಿಂದ ಏಳ್ತಾ ಇವ್ನಿ, ಒಪ್ಪಕ್ಕಿಲ್ಲ ಅಂತದ."

ನಾನು ಬಗ್ಗಿ ನೋಡಿದೆ. ದೊಡ್ಡಮಾವ ಓದಿದ್ದು ಕನ್ನಡ ಶಾಲೆಯಲ್ಲಿ. ಅವರ ತಮಿಳು ಓದು ಬಸ್ಸಿನ ಬೋರ್ಡಿನಲ್ಲಿ ಕಲಿತದ್ದು. ಅಲ್ಲಿ ಇದ್ದದ್ದು 'ಕಡವುಚ್ಚೊಲ್'. ತಮಿಳಿನಲ್ಲಿ ಪಾಸ್‌ವರ್ಡಿಗೆ ಹಾಗೆನ್ನುತ್ತಾರೆ, ಅರ್ಜಿ ತುಂಬಿಸಿ ತುಂಬಿಸಿ ನನಗದು ಬಾಯಿಪಾಠ. ಇವರು ಅದಕ್ಕೊಂದು 'ಳ್' ಸೇರಿಸಿ ಕಡವುಳ್ ಮಾಡಿದ್ದಾರೆ. ಕಡವುಳ್ ಎಂದರೆ ದೇವರು, ಸೊಲ್ಲು ಎಂದರೆ ಹೇಳು! ಮಾದಪ್ಪನಿಂದ ಶುರು ಮಾಡಿ, ಬಸವಣ್ಣ, ಮಾರಮ್ಮ ಎಲ್ಲರನ್ನೂ ಒತ್ತಿ ಮುಗಿಸಿದ್ದರು. ಕಾಡಂಚಿನ ದೇವರುಗಳನ್ನೂ ಬಿಟ್ಟಿರಲಿಲ್ಲ. ಮನೆದೇವರ ಹೆಸರಿಗೂ ಬಾಗಿಲು ತೆರೆಯದಿದ್ದಾಗ ಕಾಗುಣಿತ ತಪ್ಪಿರಬೇಕೆಂದು ಮೂರು ಸಲ ಒತ್ತಿದ್ದರಂತೆ. ನಾನು ನೋಡುತ್ತಿದ್ದ ಹಾಗೇ ಮಿಷನ್ನು, ತುಂಬಾ ಸಲ ತಪ್ಪಿದ್ದೀರಿ, ಸ್ವಲ್ಪ ಹೊತ್ತು ಬಿಟ್ಟು ಬನ್ನಿ ಎಂದು ಬೀಗ ಹಾಕಿಕೊಂಡಿತು.

"ಯಾನ ಅಂತದ?"

"ಆಮೇಲೆ ಬನ್ನಿ ಅಂತಿದೆ."

"ಗುಡಿ ಬಾಗ್ಲು ಮುಚ್ಚವ್ರ ಅನ್ನು" ಎಂದು ಕೈಮುಗಿದು ಎದ್ದರು.

ನಾನು ನಕ್ಕು ನಕ್ಕು ಸುಸ್ತಾಗಿ ಬಿಡಿಸಿ ಹೇಳಿದೆ. "ಮಾವ, ಇದು ದೇವರಲ್ಲ. ದಾಟಿಕೊಂಡು ಒಳಗೆ ಹೋಗೋಕೆ ಒಂದು ಗುಟ್ಟಿನ ಮಾತು. ಮೊದಲಿನವರು ತಮ್ಮ ಖಾತೆ ಅಳಿಸದೇ ಮಾರಿದ್ದಾರೆ. ನಾನು ಏನು ಮಾಡಿದರೂ ಅದು ಅವರನ್ನೇ ಕೇಳುತ್ತೆ, ಅವರೇ ಬಿಡಿಸಬೇಕು."

"ದೇವ್ರ ಎಸರು ಏಳ್ದೆ ಯಾವ ಬಾಗ್ಲು ದಾಟಕಾದದು?" ಎಂದು ಅವರು ನನ್ನನ್ನೇ ಕೇಳಿದರು.

ನನಗೆ ಸತ್ಯಮಂಗಲದ ಅಂಗಡಿಯವನ ಮೇಲೆ ಸಿಟ್ಟು ಬಂತು. ಬೀಗ ಬಿದ್ದ ಮಿಷನ್ನನ್ನು ಮಾರುವುದು ಯಾವ ನ್ಯಾಯ? ದೊಡ್ಡಮಾವ ಮಾರಿದವರ ಪರವೇ ವಾದಿಸಿದರು. "ದನ ಮಾರ್ದೋರು ಕತ್ತಿನ ಅಗ್ಗ ಕೊಟ್ಟಾರಾ? ಅಗ್ಗ ಅವ್ರೇ ಮಡಿಕಳದು ಪದ್ಧತಿ. ಈ ಮೀಸೆಯಯ್ಯನೂ ಅಗ್ಗ ಮಡಿಕಂಡವ್ರ. ನಾವೇ ಓಗಿ ಮರ್ವಾದಿಯಾಗಿ ಕೇಳ್ಬೇಕು." ಆಮೇಲೆ ಒಂದು ವಾರ ದಿನಾ ಬೆಳಿಗ್ಗೆ ಲ್ಯಾಪ್‌ಟಾಪು ತೆಗೆದು ಆ ಮೀಸೆಯ ಫೋಟೋಗೆ ನಮಸ್ಕಾರ ಹೇಳಿ ಮುಚ್ಚುತ್ತಿದ್ದರಂತೆ. ಅತ್ತ ದೊಡ್ಡತ್ತೆಗೆ ಮತ್ತೆ ಅದೇ ಫೋನು, ಅದೇ ಹಣೆಯ ಬಟ್ಟೆ. ಆ ವಾರವೆಲ್ಲ ನನಗೆ ನಗು ಬರಲಿಲ್ಲ.

ಅಂಗಡಿಯವನಿಂದ ಮೊದಲಿನವರ ವಿಳಾಸ ಹಿಡಿದು ಮುಂದಿನ ಭಾನುವಾರ ನಾನು, ದೊಡ್ಡಮಾವ, ದೊಡ್ಡತ್ತೆ ಮೂವರೂ ಸತ್ಯಮಂಗಲದ ಬಸ್ ಹತ್ತಿದೆವು. ದೊಡ್ಡಮಾವನ ಒಂದು ಕೈಯಲ್ಲಿ ಲ್ಯಾಪ್‌ಟಾಪು, ಇನ್ನೊಂದರಲ್ಲಿ ಕೋಸಿನ ಚೀಲ. ಘಾಟಿಯ ಇಪ್ಪತ್ತೇಳು ತಿರುವಿನಲ್ಲೂ ಕೋಸು ಉರುಳಿತು, ಲ್ಯಾಪ್‌ಟಾಪು ಮಾತ್ರ ಅವರ ಎದೆಗಂಟಿಕೊಂಡೇ ಇತ್ತು.

ಮೀಸೆಯವರು ನಿವೃತ್ತ ತಮಿಳು ವಾದ್ಯಾರು. ವಾದ್ಯಾರು ಎಂದರೆ ನಮ್ಮಲ್ಲಿನ ಮೇಷ್ಟ್ರು. ಅದಕ್ಕೇ ಮಿಷನ್ನು ಶುದ್ಧ ತಮಿಳು ಮಾತಾಡುತ್ತಿತ್ತು. ಕೋಸು ಒಪ್ಪಿಸಿ, ದೊಡ್ಡಮಾವ ತಮ್ಮ ಕನ್ನಡ ಬೆರೆತ ತಮಿಳಿನಲ್ಲಿ ನಡೆದದ್ದೆಲ್ಲ ಹೇಳಿದರು. ವಾದ್ಯಾರು ನಗುತ್ತಾ ನಗುತ್ತಾ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಆಮೇಲೆ ಸ್ವಲ್ಪ ನಾಚಿಕೊಂಡು, ಗುಟ್ಟಿನ ಮಾತನ್ನು ಗಟ್ಟಿಯಾಗಿಯೇ ಹೇಳಿಬಿಟ್ಟರು. "ಮುರುಗನ್."

ನನ್ನ ಮುಖ ನೋಡಬೇಕಿತ್ತು ನೀವು. ದೊಡ್ಡಮಾವ ನಿಧಾನವಾಗಿ ನನ್ನ ಕಡೆ ತಿರುಗಿದರು.

"ನಾ ಏಳ್ನಿಲ್ವಾ? ನಾವು ಬೆಟ್ಟದ ಮ್ಯಾಲಿನ ದೇವ್ರನ್ನೇ ಕರೀತಾ ಇದ್ದೋ. ಇದು ಘಾಟಿ ಕೆಳಗಿನ ಮಿಷನ್ನು."

ನಾನು ಲ್ಯಾಪ್‌ಟಾಪನ್ನು ಎಳೆದುಕೊಂಡು ವಾದ್ಯಾರರ ಖಾತೆ ತೆಗೆದು, ಎಲ್ಲ ಅಳಿಸಿ, ದೊಡ್ಡತ್ತೆಯ ಹೆಸರಿನಲ್ಲಿ ಹೊಸದು ತೆರೆದೆ. ಪರದೆಯ ಮೇಲೆ ತಮ್ಮ ಹೆಸರು ಮೂಡಿದ್ದನ್ನು ದೊಡ್ಡತ್ತೆ ಕಣ್ಣು ಕಿರಿದು ಮಾಡದೆ ಓದಿದರು.

ಅಷ್ಟಕ್ಕೇ ಎದ್ದು ಬರಬಹುದಿತ್ತು. ಆದರೆ ಯಾರು ಓದುವುದಕ್ಕೆ ಎಂದು ವಾದ್ಯಾರು ಕೇಳಿದರು. ಪರೀಕ್ಷೆಯ ವಿಷಯ ಕೇಳಿ ಅವರಿಗೆ ಎಷ್ಟು ಸಂತೋಷವಾಯಿತೆಂದರೆ, ಒಳಗಿನಿಂದ ಒಂದು ಡಬ್ಬಿ ತಂದಿಟ್ಟರು. ಮಗಳು ಕಳಿಸಿದ ಹೊಸ ಲ್ಯಾಪ್‌ಟಾಪು, ಅಂಟಿಸಿದ ಟೇಪು ಕೂಡ ಬಿಚ್ಚಿಲ್ಲ. ತಾನು ಹಳೆಯದರಲ್ಲೇ ಇರುತ್ತೇನೆ, ಅಮ್ಮ ಇದನ್ನು ತೆಗೆದುಕೊಂಡು ಓದಲಿ, ಅದಲು ಬದಲು ಮಾಡಿಕೊಳ್ಳೋಣ ಎಂದರು. ನಮ್ಮದರ ಬ್ಯಾಟರಿ ಅರ್ಧ ಗಂಟೆಯೂ ನಿಲ್ಲುವುದಿಲ್ಲ, ನಮ್ಮೂರಿನ ಕರೆಂಟು ನಿಮಗೆ ಗೊತ್ತೇ ಇದೆ. ನಾನು ಎರಡೂ ಕೈ ಚಾಚಿದೆ. ದೊಡ್ಡಮಾವ ಡಬ್ಬಿಯನ್ನು ಮೆಲ್ಲಗೆ ಅವರ ಕಡೆಗೇ ತಳ್ಳಿದರು.

"ಬ್ಯಾಡಿ ಸಾಮಿ. ನಮ್ಗ ಇದೇ ಸರಿ."

ವಾಪಸ್ಸು ಬರುವಾಗ ಅವರು ಬಸ್ಸಿನ ಮುಂದೆ ಡ್ರೈವರಿನ ಪಕ್ಕ ಕುಳಿತು ಮಾತಿಗಿಳಿದಿದ್ದರು. ನಾನು ಹಿಂದಿನ ಸೀಟಿನಲ್ಲಿ ಕುದಿಯುತ್ತಿದ್ದೆ. ಒಬ್ಬರ ಹುಚ್ಚಿಗೆ ಇನ್ನೊಬ್ಬರ ಪರೀಕ್ಷೆ ಹಾಳಾಗಬೇಕೆ?

"ಅತ್ತೆ, ನಿಮಗೆ ಸಿಟ್ಟೇ ಬರಲ್ವಾ? ನೀವಾದರೂ ಒಂದು ಮಾತು ಹೇಳಬಾರದಿತ್ತಾ?"

ದೊಡ್ಡತ್ತೆ ಕಿಟಕಿಯಾಚೆ ನೋಡುತ್ತಾ ತಗ್ಗಿದ ದನಿಯಲ್ಲಿ ಹೇಳಿದರು.

"ನಿನ್ಗ ಗೊತ್ತಿರಲ್ಲ ಕಣವ್ವ, ನನ್ಗ ಮೊದ್ಲೇ ಒಂದು ಮದ್ವ ಆಗಿತ್ತು. ಶಾಲ ಬುಡಿಸಿ ಮಾಡಿದ್ದು ಆ ಮದ್ವಯ. ವರ್ಷ ತುಂಬಕ್ ಮುಂಚೆ ಆವಯ್ಯ ಜರ ಬಂದು ಓಗ್ಬುಟ್ರು. ನಿಮ್ಮ ಮಾವ ನನ್ನ ಕೂಡಾವಳಿ ಮಾಡ್ಕಂಡ್ರು. ಅವ್ರಿಗ ಅದೇ ಮೊದ್ಲ ಮದ್ವ, ನೆಂಟ್ರಿಗೆಲ್ಲ ಕೋಪ. ಮೊದಲ್ನೆ ಸಲ ನೆಂಟ್ರೂಟಕ್ಕ ನಾನು ಸಾರಿನ ಪಾತ್ರ ಇಡಿಕಂಡು ಬಡಿಸ್ತಾ ಇವ್ನಿ, ಒಬ್ಬಾತ ಅಂದ, ಎಣ್ಣು ಒಳ್ಳೇದೇಯ, ಆದ್ರ ಎರಡನೇ ಕೈ ಮಾಲು, ಅಂತ. ಅವ ಅಂದದ್ದು ಇಂಗ್ಲೀಸಲ್ಲಿ. ಇಡೀ ಸಾಲು ನಕ್ಬುಡ್ತು."

"ಮಾವ ಏನಂದ್ರು?"

"ಯಾನೂ ಅನ್ನಿಲ್ಲ. ಮುಂದಿನ ವಾರ, ಮದ್ವಗ ಅಂತ ತಗಂಡಿದ್ದ ಒಸಾ ಸೈಕಲ್ನ ಮಾರ್ಬುಟ್ಟು, ಒಂದು ಅಳೇದ ತಂದ್ರು. ಬೀದಿ ಬೀದಿ ಸುತ್ತಿ ಅದೇ ಮಾತ ಏಳ್ಕಂಡು ಬಂದ್ರು, ಬಾಳ ಒಳ್ಳೇದು ಅಂತ. ಆಮೇಲ ಮಂಚ, ಆಮೇಲ ರೇಡಿಯೋ. ಊರೋರು ಮೊದ್ಲು ಇವ್ರನ್ನ ನೋಡಿ ನಕ್ರು. ಬರ್ತಾ ಬರ್ತಾ ಆ ಮಾತು ಕೇಳ್ದ್ರ ಊರೋರ್ಗ ನಿಮ್ಮ ಮಾವನ ಸೈಕಲ್ಲು ಗ್ಯಾಪ್ಕ ಬರಂಗಾಯ್ತು. ನನ್ನ ಗ್ಯಾಪ್ಕ ಬರ್ನಿಲ್ಲ."

ಲ್ಯಾಪ್‌ಟಾಪನ್ನು ಮಡಿಲಿಗೆ ಎಳೆದುಕೊಂಡರು. "ಯಾಕಿಂಗ ಅಂತ ಅವ್ರು ಏಳ್ನಿಲ್ಲ, ನಾನು ಕೇಳ್ನಿಲ್ಲ. ಆದ್ರ ಆ ಮಾತ್ನ ನಾನು ಇವತ್ಗಂಟ ಬಾಯಲ್ಲಿ ಆಡಿಲ್ಲ ಕಣವ್ವ. ಬರಲ್ಲ. ಪರೀಕ್ಷ ಬುಡು, ಇದ್ರಲ್ಲೇ ಪಾಸಾಯ್ತಿನಿ."

ನನಗೆ ತುಂಬಾ ನಾಚಿಕೆಯಾಯಿತು. ಮೂರು ವರ್ಷ ಯಾವ ಮಾತಿಗೆ ನಾನು ತಲೆ ತಗ್ಗಿಸುತ್ತಿದ್ದೆನೋ, ಆ ಮಾತನ್ನು ಈ ಮನುಷ್ಯ ಒಬ್ಬರೇ ಒಂದು ಜನ್ಮವಿಡೀ ಹೊತ್ತಿದ್ದರು. ಮುಂದಿನ ಸೀಟಿನಲ್ಲಿ ಅವರ ಬೋಳುತಲೆ ತಿರುವಿಗೊಮ್ಮೆ ಅತ್ತ ಇತ್ತ ವಾಲುತ್ತಿತ್ತು. ನನಗೆ ಅವರ ಮೇಲೆ ಬಹಳ ಪ್ರೀತಿ ಬಂತು.

ತಾಳವಾಡಿಯಲ್ಲಿ ಇಳಿದಾಗ ಲ್ಯಾಪ್‌ಟಾಪು ದೊಡ್ಡತ್ತೆಯ ಕೈಯಲ್ಲಿತ್ತು. ಟೀ ಅಂಗಡಿಯವನು ಲೋಟ ತೊಳೆಯುತ್ತಾ ಕೇಳಿದ. "ಯಾನಕ್ಕ, ಲ್ಯಾಪ್‌ಟಾಪಾ? ಒಸದಾ?"

ದೊಡ್ಡಮಾವ ಎಂದಿನಂತೆ ಗಂಟಲು ಸರಿಮಾಡಿಕೊಂಡರು.

"ಇಲ್ಲ ಕಣಪ್ಪ" ಎಂದರು ದೊಡ್ಡತ್ತೆ. "ಸೆಕೆಂಡ್ ಆಂಡು. ಬಾಳ ಒಳ್ಳೇದು."

ದೊಡ್ಡಮಾವ ಆ ಹಳೆಯ ಕನ್ನಡಕ ತೆಗೆದು, ಪಂಚೆಯ ಅಂಚಿನಲ್ಲಿ ಬಹಳ ಹೊತ್ತು ಒರೆಸಿದರು. ಆಮೇಲೆ ಮೂರು ಟೀ ಹೇಳಿದರು.