ಮದುವೆ ಕಾರಿನ ಪದ್ರಿನೋ

ಶನಿವಾರ ಬೆಳಿಗ್ಗೆ ಕಾರು ಒರೆಸೋಣವೆಂದು ಬಾಗಿಲು ತೆಗೆದು ಒಳಗಿಟ್ಟ ಕಾಸ್ತುಲೊ ರೊಕಬಾದೊನ ಕಾಲು ಪಚಕ್ಕೆಂದು ಹೂತುಹೋಯಿತು. ಬಗ್ಗಿ ನೋಡಿದ. ಕಾಲಡಿಯ ಹಾಸು ರಾತ್ರಿಯ ಮಳೆಯನ್ನೆಲ್ಲ ಕುಡಿದು ಉಬ್ಬಿತ್ತು. ಹಿಂದಿನ ಸೀಟಿನ ಮುಂದಂತೂ ಬಾತುಕೋಳಿ ಬಿಟ್ಟರೆ ಈಜುವಷ್ಟು ನೀರು.

ಬೇರೆ ದಿನವಾಗಿದ್ದರೆ ಹಳೇ ಪತ್ರಿಕೆ ಹಾಸಿ ಸುಮ್ಮನಾಗುತ್ತಿದ್ದ. ಜನವರಿಯ ಮಳೆಯಲ್ಲಿ ಕೊಚಬಂಬದ ಯಾವ ಹಳೇ ಕಾರು ತಾನೇ ಒಣಗಿರುತ್ತದೆ! ಆದರೆ ಅಂದು ಸಂಜೆ ದೋನ್ಯಾ ಪೆತ್ರೊನಾಳ ಮಗಳು ಮಾರಿಸೆಲ್‌ಳ ಮದುವೆ. ನಮ್ಮ ಕಡೆ ಮದುವೆಯ ಒಂದೊಂದಕ್ಕೂ ಅದರ ಹೊಣೆ ಹೊರುವ ಒಬ್ಬೊಬ್ಬ ಪದ್ರಿನೋ ಬೇಕು. ಕೇಕಿಗೊಬ್ಬ, ಬ್ಯಾಂಡಿಗೊಬ್ಬ, ಬಿಯರಿಗೊಬ್ಬ. ಮದುಮಗಳನ್ನು ಚರ್ಚಿಗೆ ಕರೆದೊಯ್ಯುವ ಕಾರಿಗೆ ಕಾಸ್ತುಲೊ. ಒಪ್ಪಿಕೊಂಡ ಮೇಲೆ ಜ್ವರ ಬಂದರೂ ಹಿಂದೆ ಸರಿಯುವಂತಿಲ್ಲ.

ಒಪ್ಪಿಕೊಂಡದ್ದೂ ಹಟಕ್ಕೇ. ಓಣಿಯವರೆಲ್ಲ ಸೇರಿದ್ದಾಗ ಪೆತ್ರೊನಾ, "ಕಾರಿಗೆ ಯಾರು ಆಗ್ತೀರಪ್ಪಾ?" ಎಂದಳು. ಎದುರು ಮನೆಯ ದೋನ್ ಫ್ರೊಯಿಲಾನ್ ತನ್ನ ಹೊಸ ಬಿಳೀ ಕಾರನ್ನು ನೆನೆದು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಕಾಸ್ತುಲೊ ಎದ್ದು ನಿಂತು, "ನಾನಿದೀನಲ್ಲ ಕೊಮಾದ್ರೆ!" ಎಂದುಬಿಟ್ಟಿದ್ದ. (ನಮ್ಮಲ್ಲಿ ಆಪ್ತರಾದ ಹೆಂಗಸರನ್ನು ಕೊಮಾದ್ರೆ, ಗಂಡಸರನ್ನು ಕಂಪಾದ್ರೆ ಎಂದೇ ಕರೆಯುವುದು.) ಫ್ರೊಯಿಲಾನ್ ಮೀಸೆಯಡಿ ನಕ್ಕಿದ್ದ. ಆ ನಗು ಕಾಸ್ತುಲೊನ ಹೊಟ್ಟೆಯಲ್ಲಿ ಇನ್ನೂ ಉರಿಯುತ್ತಿತ್ತು.

"ರೀ, ಫ್ರೊಯಿಲಾನ್ ಅವರ ಕಾರನ್ನೇ ಕೇಳೋಣ ಕಣ್ರೀ" ಎಂದಳು ಹೆಂಡತಿ ನಿಕೊಲಾಸಾ. "ಹುಡುಗೀದು ಅಷ್ಟುದ್ದ ಬಿಳೀ ಗೌನು. ಕೆಸರಾದ್ರೆ ಪೆತ್ರೊನಾ ನಮ್ಮನ್ನ ಹುರಿದು ಮುಕ್ತಾಳೆ."

"ಅವನ ಹತ್ರ ಕೇಳೋದಕ್ಕಿಂತ ಹುಡುಗೀನ ಹೆಗಲ ಮೇಲೆ ಕೂರಿಸ್ಕೊಂಡು ಹೋಗ್ತೀನಿ. ಈ ನೀರು ಎಲ್ಲಿಂದ ಬರ್ತಿದೆ ಅಂತ ಕಂಡುಹಿಡಿಯೋವರೆಗೂ ಇವತ್ತು ಕಾಫೀನೂ ಮುಟ್ಟಲ್ಲ!"

ಒಳಗಿನ ನೀರು ಬಳಿದು, ಹಾಸು ಕಿತ್ತು ಬೇಲಿಗೆ ಹಾಕಿದ್ದೇ ತಡ, ಓಣಿಗೆ ಸುದ್ದಿ ಮುಟ್ಟಿತು. ಮೊದಲು ಬಂದವನು ಫ್ರೊಯಿಲಾನ್, ಕೈಯಲ್ಲಿ ಕಾಫಿ ಲೋಟ.

"ತಳ ತುಕ್ಕು ಹಿಡಿದು ತೂತಾಗಿದೆ ಕಂಪಾದ್ರೆ. ರಸ್ತೆ ನೀರು ಕೆಳಗಿಂದ ಹತ್ತುತ್ತೆ. ಪಾಪ, ಅದಕ್ಕೂ ವಯಸ್ಸಾಯ್ತು."

ಕಾಸ್ತುಲೊ ಚರಂಡಿ ಪಕ್ಕ ಅಂಗಾತ ಮಲಗಿ, ಕಾರಿನಡಿ ತೆವಳಿ, ಸ್ಕ್ರೂಡ್ರೈವರಿನಿಂದ ತಳವನ್ನೆಲ್ಲ ಕುಟ್ಟಿದ. ತೂತು ಸಿಗಲಿಲ್ಲ. ಬಾಯ್ತುಂಬ ಮಣ್ಣು ಸಿಕ್ಕಿತು.

ಆಮೇಲೆ ಓಣಿಯ ಮೂಲೆಯಲ್ಲಿ ಎಂಪನಾದ ಕಡುಬು ಮಾರುವ ದೋನ್ಯಾ ಬಾಸಿಲಿಯಾ ಬಂದಳು. "ಗಾಜಿನ ಸುತ್ತ ಇರೋ ರಬ್ಬರು ಕಣಯ್ಯಾ, ಅದೇ ಬಿರುಕು ಬಿಟ್ಟಿರೋದು. ಸುಮ್ನಿರು, ನಾನು ಮುಚ್ತೀನಿ." ಅವನು ಬೇಡ ಬೇಡ ಎನ್ನುತ್ತಿದ್ದರೂ ಎಂಪನಾದದ ಹಿಟ್ಟನ್ನು ಗಾಜಿನ ಅಂಚಿಗೆಲ್ಲ ಮೆತ್ತಿದಳು. ಐದು ನಿಮಿಷದಲ್ಲಿ ಚೌಕದ ಪಾರಿವಾಳಗಳೆಲ್ಲ ಕಾರಿನ ಮೇಲಿದ್ದವು. ಅವು ಹಿಟ್ಟು ತಿಂದದ್ದಷ್ಟೇ ಅಲ್ಲ, ತಿಂದದ್ದಕ್ಕೆ ಬದಲಾಗಿ ಕೊಡುವುದನ್ನೂ ಕೊಟ್ಟು ಹೋದವು.

"ಸಾಕು!" ಎಂದು ಕಾಸ್ತುಲೊ ಗುಡುಗಿದ. "ಇನ್ಮೇಲೆ ಯಾರೂ ಊಹೆ ಮಾಡೋ ಹಾಗಿಲ್ಲ. ನಿಕೊಲಾಸಾ, ಮೈದಾಹಿಟ್ಟು ತಗೊಂಡ್ ಬಾ."

ಉಪಾಯ ಸರಿಯಾಗಿಯೇ ಇತ್ತು. ಕಾರಿನೊಳಗಿನ ಸಂದುಗೊಂದುಗಳಿಗೆಲ್ಲ ಒಣ ಹಿಟ್ಟು ಉದುರಿಸುವುದು, ಬಾಗಿಲು ಮುಚ್ಚಿ ಅವನು ಒಳಗೆ ಕೂರುವುದು, ಹೊರಗಿನಿಂದ ನಿಕೊಲಾಸಾ ಒಂದೊಂದೇ ಕಡೆ ಪೈಪಿನಲ್ಲಿ ನೀರು ಬಿಡುವುದು. ಎಲ್ಲಿ ಹಿಟ್ಟು ಒದ್ದೆಯಾಗುತ್ತದೋ ಅದೇ ಕಳ್ಳದಾರಿ.

"ಮೇಲೆ ಬಿಡು!" ಒಳಗಿಂದ ಕಾಸ್ತುಲೊ ಕೂಗಿದ. ಹಿಟ್ಟು ಒಣಗಿಯೇ ಇತ್ತು.

"ಬಾಗಿಲಿಗೆ ಬಿಡು!" ಒಣಗಿಯೇ ಇತ್ತು.

ಅಷ್ಟು ಹೊತ್ತಿಗೆ ನೆರವಿಗೆಂದು ಅರ್ಧ ಓಣಿ ಸೇರಿತ್ತು. "ಪೈಪಲ್ಲಿ ಜೋರಿಲ್ಲ ಕಣೇ, ಮಳೆ ಹೀಗಾ ಹುಯ್ಯುತ್ತೆ?" ಎಂದು ಬಾಸಿಲಿಯಾ ಬಕೆಟ್ಟು ಎತ್ತಿದಳು. ಉಸಿರುಗಟ್ಟುತ್ತಿದೆಯೆಂದು ಕಾಸ್ತುಲೊ ಕಿಟಕಿ ಇಳಿಸುವುದಕ್ಕೂ ಅವಳು ಬಕೆಟ್ಟು ಬೀಸುವುದಕ್ಕೂ ಸರಿಹೋಯಿತು. ಹಿಟ್ಟಿನಲ್ಲಿ ಕೂತಿದ್ದವನು ನೀರು ಬಿದ್ದ ಕೂಡಲೇ ಹದವಾಗಿ ಕಲಸಿದ ಕಣಕವಾದ.

ಜನ ಬಿದ್ದು ಬಿದ್ದು ನಕ್ಕರು. "ಬಿಟ್ಟುಬಿಡಿ ಕಂಪಾದ್ರೆ, ಯಾಕೆ ಈ ಪಾಡು?" ಎಂದ ಫ್ರೊಯಿಲಾನ್, ಕನಿಕರದಿಂದ. ಕಾಸ್ತುಲೊ ಕಣ್ಣಿನ ಹಿಟ್ಟು ಒರೆಸಿಕೊಂಡು ಹೆಂಡತಿಗೆ ಹೇಳಿದ: "ಇನ್ನೊಂದು ಪೊಟ್ಟಣ ತಾ."

ಒಳಗೆಲ್ಲ ಒರೆಸಿ ಮತ್ತೆ ಹಿಟ್ಟು, ಮತ್ತೆ ಪೈಪು. ಈ ಸಲ ಕಿಟಕಿ ಬಿಗಿಯಾಗಿ ಮುಚ್ಚಿತ್ತು. ಯಾವಾಗಲೋ ಫ್ರೊಯಿಲಾನ್ ಮನೆಗೆ ಹೋದ, ಬಾಸಿಲಿಯಾ ವ್ಯಾಪಾರಕ್ಕೆ ಹೋದಳು. ಕಾಸ್ತುಲೊ ಕದಲಲಿಲ್ಲ. ಕಡೆಗೆ ನಿಕೊಲಾಸಾ ಪೈಪನ್ನು ವೈಪರುಗಳ ಬುಡಕ್ಕೆ ಹಿಡಿದಾಗ, ಮುಂದಿನ ಸೀಟಿನೆದುರಿನ ಖಾನೆಯ ಹಿಂದಿನಿಂದ ಸಣ್ಣದೊಂದು ನೀರಿನ ಗೆರೆ ಹಿಟ್ಟಿನ ಮೇಲೆ ಇಳಿದು ಬಂತು.

"ಸಿಕ್ಕಿಬಿದ್ದೆ, ಬಡ್ಡೀಮಗನೇ!"

ಬಾನೆಟ್ ಎತ್ತಿ ವೈಪರಿನ ಬುಡದ ಜಾಲರಿ ಕಿತ್ತ. ಮಳೆನೀರು ಹರಿದುಹೋಗಬೇಕಾದ ತೂತು ಅಲ್ಲಿತ್ತು, ಆದರೆ ಕಾಣುತ್ತಿರಲಿಲ್ಲ. ಅದರ ಮೇಲೆ ಕೊಳೆತ ಗುಲಾಬಿ ದಳ, ಬಣ್ಣದ ಕಾಗದದ ಚೂರು ಎಲ್ಲವೂ ಒಂದಾಗಿ ಗಟ್ಟಿ ಮುದ್ದೆಯಾಗಿ ಕೂತು ನೀರನ್ನು ಕಾರಿನೊಳಕ್ಕೆ ತಿರುಗಿಸಿದ್ದವು. ಕಾರಿಗೆ ಒಳ್ಳೆಯದಾಗಲೆಂದು ಪ್ರತಿ ಕಾರ್ನಿವಲ್ ಮಂಗಳವಾರ ಅವನೇ ಭಕ್ತಿಯಿಂದ ಎರಚಿ, ಮೇಲೆ ಬಿಯರು ಸುರಿದು ಪೂಜೆ ಮಾಡಿದ್ದರ ಫಲ. ಇಡೀ ಓಣಿಯಲ್ಲಿ ಇಷ್ಟು ಧಾರಾಳವಾಗಿ ಪೂಜೆ ಕಂಡ ಕಾರು ಇನ್ನೊಂದಿರಲಿಲ್ಲ.

ಅವನು ಚಮಚದಿಂದ ಮುದ್ದೆ ಮುದ್ದೆಯಾಗಿ ಕೆರೆದು ತೆಗೆದ. ಚರಂಡಿಗೆ ಎಸೆಯಲು ಹೋದರೆ ನಿಕೊಲಾಸಾ ಕೈ ಹಿಡಿದಳು. "ಅಯ್ಯೋ, ಪಚಮಾಮ ಮುನಿಸ್ಕೊಂತಾಳೆ!" ಎಂದು, ಭೂತಾಯಿಗೆ ಕೊಟ್ಟದ್ದನ್ನು ಭೂತಾಯಿಗೇ ಎಂಬಂತೆ ಜೆರೇನಿಯಂ ಕುಂಡದಲ್ಲಿ ಹೂತಳು.

ಆಮೇಲೆ ಪೈಪನ್ನು ಪೂರ್ತಿ ತಿರುಗಿಸಿ ಬಿಟ್ಟರು. ಒಳಗೆ ಒಂದು ಹನಿಯೂ ಬರಲಿಲ್ಲ. ಕಾಸ್ತುಲೊಗೆ ಕಣ್ಣು ತುಂಬಿ ಬಂತು. ಸೀಟಿಗೆ ಇಸ್ತ್ರಿಪೆಟ್ಟಿಗೆ ಹಾಯಿಸಿದರು, ಕಾಲಡಿಯ ಹಾಸಿನ ಮೇಲೆ ತಲೆಗೂದಲು ಒಣಗಿಸುವ ಯಂತ್ರ ಹಿಡಿದರು, ಪಾರಿವಾಳಗಳ ಕಾಣಿಕೆ ಉಜ್ಜಿ ತೊಳೆದರು. ಮೈಗಂಟಿದ ಹಿಟ್ಟು ಬಿಡಿಸಿಕೊಂಡು, ಸೂಟು ತೊಟ್ಟು, ಮುಂದೆ ಬಿಳೀ ರಿಬ್ಬನ್ ಕಟ್ಟಿ, ಗೆದ್ದ ಸೇನಾಪತಿಯ ಗತ್ತಿನಲ್ಲಿ ಕಾಸ್ತುಲೊ ಪೆತ್ರೊನಾಳ ಬಾಗಿಲಿಗೆ ಕಾರು ತಂದ.

ಬಾಗಿಲಲ್ಲಿ ಆಗಲೇ ಒಂದು ಕಾರು ನಿಂತಿತ್ತು. ಹೊಸದು, ಬಿಳೀದು, ಮೂತಿಗೆ ಇವನದಕ್ಕಿಂತ ದೊಡ್ಡ ರಿಬ್ಬನ್. ಮೀಸೆಗೆ ಎಣ್ಣೆ ಹಚ್ಚಿಕೊಂಡ ಫ್ರೊಯಿಲಾನ್ ಹಿಂದಿನ ಬಾಗಿಲು ತೆರೆದು ನಿಂತಿದ್ದ. ಮಾರಿಸೆಲ್ ಗೌನು ಎತ್ತಿಕೊಂಡು ಅದರೊಳಗೆ ಕೂರುತ್ತಿದ್ದಳು.

"ಕೊಮಾದ್ರೆ! ಇದೇನು ಅನ್ಯಾಯ?"

ಪೆತ್ರೊನಾ ಬಂದು ಅವನ ಎರಡೂ ಕೈ ಹಿಡಿದುಕೊಂಡಳು. "ಬೇಜಾರು ಮಾಡ್ಕೋಬೇಡಿ ಕಂಪಾದ್ರೆ. ಮಧ್ಯಾಹ್ನ ಬಾಸಿಲಿಯಾ ಬಂದು ಎಲ್ಲಾ ಹೇಳಿದ್ಲು. ನೀವು ನೀರಲ್ಲಿ, ಹಿಟ್ಟಲ್ಲಿ ಒದ್ದಾಡಿದ್ದು ಕೇಳಿ ಕರುಳು ಚುರ್ ಅಂತು. ನಿಮ್ಮ ಮರ್ಯಾದೆ ಉಳೀಲಿ ಅಂತ ನಾನೇ ಫ್ರೊಯಿಲಾನ್ ಅವರ ಕಾಲು ಹಿಡಿದೆ. ಆದ್ರೆ ಪದ್ರಿನೋ ಅಂತ ಒಪ್ಕೊಂಡವರನ್ನ ಬಿಡೋಕಾಗುತ್ಯೇ? ಪಾಪ ಬರುತ್ತೆ. ನಿಮಗೆ ಬೇರೆ ಇಟ್ಟಿದೀನಿ."

"ಬೇರೆ ಏನು?"

"ಐಸು! ಐಸಿಗೆ ನೀವೇ ಪದ್ರಿನೋ. ಐಸಿನ ಗಾಡಿ ಕೈಕೊಡ್ತು. ಬಿಯರೆಲ್ಲ ಬೆಚ್ಚಗಿದೆ. ನಿಮ್ಮ ಕಾರು ಹೇಗೂ ನೆಂದಿದ್ಯಲ್ಲಾ, ಇನ್ನಷ್ಟು ನೆಂದ್ರೇನು?"

ಅವಳು ಬೆರಳು ತೋರಿದ ಕಡೆಯಿಂದ ನಾಲ್ಕು ಗಂಡಸರು ಗೋಣಿ ಸುತ್ತಿದ ಐಸಿನ ಗಡ್ಡೆಗಳನ್ನು ಹೊತ್ತು ಬರುತ್ತಿದ್ದರು.

"ನೆಂದಿಲ್ಲ ಕೊಮಾದ್ರೆ!" ಕಾಸ್ತುಲೊ ಕಾರಿನ ಬಾಗಿಲು ತೆಗೆದು ಹಿಡಿದ. "ಮುಟ್ಟಿ ನೋಡಿ! ಪೂರ್ತಿ ಸರಿಮಾಡಿದೀನಿ. ಒಂದು ಹನಿ ಒಳಗೆ ಬರಲ್ಲ!"

ಪೆತ್ರೊನಾ ಬಗ್ಗಿ ಹಾಸಿನ ಮೇಲೆ ಕೈಯಾಡಿಸಿದಳು. ಅವಳ ಮುಖ ಅರಳಿತು.

"ಹೌದಲ್ಲಾ! ಎಷ್ಟು ಚೆನ್ನಾಗಿ ಬಿಗಿ ಮಾಡಿದೀರಿ! ಹಂಗಾದ್ರೆ ಒಂದು ಹನಿ ಹೊರಗೂ ಹೋಗಲ್ಲ" ಎಂದು ಗಂಡಸರ ಕಡೆ ತಿರುಗಿದಳು. "ಲೋ, ಆ ತೊಟ್ಟಿಗಳೆಲ್ಲ ಬೇಡ್ರೋ! ಐಸು ಒಡೆದು ಇದರೊಳಗೇ ಸುರೀರಿ. ಬಾಟ್ಲಿಗಳನ್ನೂ ಇದರಲ್ಲೇ ಮುಳುಗಿಸಿ!"