ಟವೆಂಗ್ವಾನ ನಾಯಿಯ ಹೆಸರು

ನಾಯಿ ಕೊಟ್ಟವಳು ನಾದಿನಿ ಶುವಾಯಿ. ಹೆಂಡತಿ ತೀರಿಕೊಂಡ ಮೇಲೆ ಟವೆಂಗ್ವಾ ಒಲೆಯ ಮುಂದೆ ಕೂತು ಗೋಡೆಯೊಡನೆ ಮಾತಾಡುವುದು ಹೆಚ್ಚಾಗಿತ್ತು. ಗೋಡೆಗಿಂತ ನಾಯಿ ವಾಸಿ, ಬಾಲವನ್ನಾದರೂ ಅಲ್ಲಾಡಿಸುತ್ತದೆ ಎಂದು ಅವನೂ ಒಪ್ಪಿದ. ಗುರುವಾರ ಸಂಜೆಯ ಬಸ್ಸಿಗೆ ನಾಯಿ ಬಂತು, ಹೆಸರಿನ ಸಮೇತ: ಮುಚಾನೇತ. ನಮ್ಮ ಭಾಷೆಯಲ್ಲಿ ‘ನಿಮಗೇ ಸುಸ್ತಾಗುತ್ತೆ’ ಎಂದು ಅರ್ಥ.

ಮುಖಕ್ಕೆ ಹೇಳಲಾಗದ ಮಾತನ್ನು ನಾಯಿಗೆ ಹೆಸರಾಗಿ ಇಡುವುದು ನಮ್ಮ ಕಡೆಯ ವಾಡಿಕೆ. ದಿನಕ್ಕೆ ಹತ್ತು ಸಲ ಕೂಗಿದರೆ ಸೇರಬೇಕಾದ ಕಿವಿಗೆ ಸೇರುತ್ತದೆ, ಕೈಕೈ ಮಿಲಾಯಿಸುವುದು ತಪ್ಪುತ್ತದೆ.

ಬೆಳಿಗ್ಗೆ ಬಾಗಿಲು ತೆರೆದದ್ದೇ ತಡ, ನಾಯಿ ಬ್ರೇಕಿಲ್ಲದ ಬಸ್ಸಿನ ಹಾಗೆ ಹೊರಟಿತು. ರಾತ್ರಿಯೆಲ್ಲ ಕಾಲಬುಡದಲ್ಲಿ ಬೆಚ್ಚಗೆ ಮಲಗಿದ್ದ ಜೀವ. ಅದು ಹೋದರೆ ಮತ್ತೆ ಗೋಡೆಯೇ ಗತಿ. ಎಪ್ಪತ್ತೆರಡರ ಮುದುಕ ಬೆನ್ನು ಹತ್ತಿದ.

“ಮುಚಾನೇತಾ!”

ಪಕ್ಕದ ಮುಸೋನಿ ಬಾವಿ ತೋಡುತ್ತಿದ್ದ; ಏಳು ಆಳುದ್ದ ಇಳಿದರೂ ನೀರಿಲ್ಲ. ಹಗ್ಗ ಹಿಡಿದು ಹತ್ತಿ, ಗುಂಡಿಯಿಂದ ಮಣ್ಣು ಮೆತ್ತಿದ ತಲೆ ಹೊರಹಾಕಿದ.

“ಏನ್ ತಾತ, ನನಗೆ ಸುಸ್ತಾಗ್ಲಿ ಅಂತಾನೇ ನಾಯಿ ತಂದ್ರಾ?”

“ನಿನ್ನನ್ನಲ್ಲಪ್ಪಾ, ನಾಯೀನ ಕರೆದಿದ್ದು!”

“ನಾಯಿ ಬಾವಿ ತೋಡ್ತಿದೆಯಾ?”

ಚರ್ಚಿನ ಹಾಡುಗಾರ್ತಿಯರು ಮೂರು ವಾರದಿಂದ ಒಂದೇ ಸಾಲನ್ನು ತಿದ್ದುತ್ತಿದ್ದರು. ಕೂಗು ಕಿಟಕಿಯೊಳಗೆ ಹೋದದ್ದೇ ಅವರಲ್ಲಿ ಹಿರಿಯಳಾದ ಎವೆಲಿನಾ ಸೊಂಟಕ್ಕೆ ಕೈಯಿಟ್ಟು ಹೊರಬಂದಳು. “ನಮಗೆ ಸುಸ್ತಾಗುತ್ತಾ? ನಿನ್ನ ಹೆಂಡ್ತಿ ಹೋದ ದಿನ ಬೆಳಗಿನ ತನಕ ಹಾಡಿದ್ದು ಇದೇ ಗಂಟಲು ಕಣೋ!”

ಟವೆಂಗ್ವಾ ತಲೆ ತಗ್ಗಿಸಿದ. ಅವಳು ಹೇಳಿದ್ದು ನಿಜ; ಅಂದಿನಿಂದ ಅವಳ ಮನೆಗೆ ಅವನು ಒಮ್ಮೆಯೂ ಹೋಗಿರಲಿಲ್ಲ.

ನಾಯಿ ಮಾತ್ರ ಮರದಡಿಯ ಪಂಚಾಯಿತಿಗೆ ನುಗ್ಗಿ, ಊರ ಯಜಮಾನನ ಕುರ್ಚಿಯಡಿ ಮಲಗಿಬಿಟ್ಟಿತು. ಹಿಂದಿನಿಂದ ಟವೆಂಗ್ವಾ ಕೂಗುತ್ತಲೇ ಬಂದ. ಸಭೆಯವರೆಲ್ಲ ಯಜಮಾನನತ್ತ ತಿರುಗಿದರು.

“ಈ ಗಡಿ ತಕರಾರು ಕೇಳಿ ಕೇಳಿ ಮೂರು ವರ್ಷದಿಂದ ನಾನು ಸುಸ್ತಾಗಿರೋದು ನಿಜ,” ಎಂದ ಯಜಮಾನ. “ಅದನ್ನ ಊರೆಲ್ಲ ಸಾರಬೇಕಾ?”

ಅಷ್ಟರಲ್ಲಿ ಮುಸೋನಿ, ಎವೆಲಿನಾ ಇಬ್ಬರೂ ದೂರು ಹೊತ್ತು ಬಂದರು. ಯಜಮಾನ ತೀರ್ಮಾನ ಹೇಳಿದ: ಹೆಸರು ಯಾರಿಗೆ ಇಟ್ಟದ್ದೆಂದು ಈಗಲೇ ಗೊತ್ತಾಗಬೇಕು, ಇಲ್ಲವಾದರೆ ನಾಯಿ ಇವತ್ತಿನ ಬಸ್ಸಿಗೇ ವಾಪಸು.

ಟವೆಂಗ್ವಾ ಜೇಬಿನಿಂದ ಫೋನು ತೆಗೆದ. ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿ ನಾದಿನಿಗೆ ಕರೆ ಮಾಡಿದ.

“ಶುವಾಯಿ, ಈ ಹೆಸರು ನಿಮ್ಮೂರಲ್ಲಿ ಯಾರಿಗೆ ಇಟ್ಟಿದ್ದಮ್ಮಾ? ಇವರಿಗೆ ಒಂಚೂರು ಹೇಳು.”

“ನಮ್ಮೂರಲ್ಲಿ ಯಾರಿಗೂ ಇಲ್ಲ, ಭಾವ. ನಿಮಗೇ. ಹೀಗೆ ಒಬ್ಬರೇ ಕೂತು ಕೂತು ಸುಸ್ತಾಗ್ತೀರಿ, ನಾಲ್ಕು ಜನರ ಮನೆಗೆ ಹೋಗಿ ಬನ್ನಿ ಅಂತ ಎಷ್ಟು ಸಲ ಹೇಳಿದೆ? ನೀವು ಕೇಳ್ಲಿಲ್ಲ. ದಿನಾ ನಿಮ್ಮ ಬಾಯಿಂದಲೇ ಹೇಳಿಸೋಣ ಅಂತ ಆ ಹೆಸರಿಟ್ಟೆ.”

ಮೊದಲು ನಕ್ಕದ್ದು ಮುಸೋನಿ. ಆಮೇಲೆ ತಕರಾರಿನ ಎರಡೂ ಕಡೆಯವರು. ನಾಯಿ ಇರಲಿ, ಹೆಸರೂ ಇರಲಿ ಎಂದು ತೀರ್ಪಾಯಿತು.

ಆ ಸಂಜೆಯಿಂದಲೇ ಶುರು. ಟವೆಂಗ್ವಾನ ಬಾಗಿಲ ಮುಂದೆ ಹಾಯುವವರೆಲ್ಲ ನಿಂತು, “ಮುಚಾನೇತಾ!” ಎಂದು ಕೂಗುತ್ತಾರೆ.

ನಾಯಿ ಕಣ್ಣು ಸಹ ಬಿಡುವುದಿಲ್ಲ. ಗೊಣಗುತ್ತ ಎದ್ದು ಅವರ ಜೊತೆ ಹೋಗುವವನು ಟವೆಂಗ್ವಾ.