ಕೋಳಿ ಅಂಗಡಿಯವರೆಗೂ ಹೋದ ನನ್ನ ವೈಫೈ

ಲಿಂಗರಾಜಪುರದ ನಮ್ಮ ಕಟ್ಟಡದಲ್ಲಿ ಆರು ಮನೆಗಳಿವೆ. ಆರರಲ್ಲೂ ತಲೆ ನೆಟ್ಟಗಿರುವವರೇ ಇದ್ದಾರೆ, ನಮ್ಮ ಭಾವ ಒಬ್ಬರನ್ನು ಬಿಟ್ಟು! ಹಾಗೆಂದು ಮೊನ್ನೆ ಮೊನ್ನೆಯವರೆಗೂ ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ.

ಭಾವ ಎಂದರೆ ಅಕ್ಕನ ಗಂಡ. ಸರ್ಕಾರಿ ಕಾರ್ಖಾನೆಯಲ್ಲಿ ವೈರ್‌ಲೆಸ್ ಸೆಟ್ಟುಗಳ ನಡುವೆ ಜೀವಮಾನ ಕಳೆದು ನಿವೃತ್ತರಾದವರು. ಅವರೂ ಅಕ್ಕನೂ ನೆಲಮಹಡಿಯಲ್ಲಿ, ನಾನು ಅವರ ತಲೆಯ ಮೇಲೆ. ಭಾನುವಾರ ಬೆಳಿಗ್ಗೆ ಜನ ಮಾರ್ಕೆಟ್ಟಿಗೋ ದೇವಸ್ಥಾನಕ್ಕೋ ಹೊರಟರೆ, ಇವರು ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ನೋಟ್‌ಬುಕ್ಕು ಹಿಡಿದು ಬೀದಿ ಅಳೆಯುತ್ತಾರೆ. ಯಾಕೆ? ಯಾರ ಮನೆಯ ವೈಫೈ ಎಲ್ಲಿಯವರೆಗೆ ಬರುತ್ತದೆಂದು ನೋಡಲು!

"ನಿನ್ನ ವೈಫೈ ಕೋಳಿ ಅಂಗಡಿ ತನಕ ಬಂದಿದೆ ಕಣಯ್ಯ. ವಾಪಸ್ ಕರ್ಕೋ."

"ಬರ್ಲಿ ಬಿಡಿ ಭಾವ, ಕೋಳಿಗಳೂ ಒಂದಿಷ್ಟು ಕನ್ನಡ ಕಲೀಲಿ!"

ನನ್ನ ಕಸುಬೇ ಅದು. ಹೊರಗಿನಿಂದ ಬಂದವರಿಗೆ ಆನ್‌ಲೈನ್‌ನಲ್ಲಿ ಕನ್ನಡ ಕಲಿಸುತ್ತೇನೆ. ಹಿಂದೊಮ್ಮೆ ಪಾಠದ ನಡುವೆ ಚಿತ್ರ ನಿಂತುಹೋದಾಗ ನಾನು ಮಾಡಿದ ಮೊದಲ ಕೆಲಸ ಗಂಟಲು ಏರಿಸಿದ್ದು. ನಿಂತ ಚಿತ್ರಕ್ಕೆ ಕೂಗಿದರೆ ಕೇಳಿಸೀತೇ? ಅಷ್ಟು ಬುದ್ಧಿ ಮೇಷ್ಟರಿಗೆ ಎಲ್ಲಿಂದ ಬರಬೇಕು! ಎರಡನೆಯ ಕೆಲಸ, ಎಂಟು ಕೊಂಬಿನ ರೂಟರ್ ತಂದದ್ದು. ಅದರ ಶಕ್ತಿಯನ್ನು ಪೂರ್ತಿ ಏರಿಸಿ, ಮಲಗುವ ಕೋಣೆಯ ನೆಲದ ಮೇಲೆ ಪ್ರತಿಷ್ಠಾಪಿಸಿದೆ.

ಒಂದು ವಾರ ಸ್ವರ್ಗ. ಆಮೇಲೆ ಎದುರು ಮನೆಯ ಸಾಹೇಬರು, ಶಿವಾಜಿನಗರದಲ್ಲಿ ಬಟ್ಟೆ ಅಂಗಡಿ ಇಟ್ಟವರು, ಬಾಗಿಲಲ್ಲಿ ನಿಂತರು.

"ಕ್ಯಾ ಸಾಬ್, ನಿಮ್ದು ಬಂದ್ಮೇಲೆ ನಮ್ದು ಸತ್ತೇ ಹೋಯ್ತಲ್ಲ?"

ಮರುದಿನ ಅವರ ಮನೆಗೂ ದೊಡ್ಡದೊಂದು ಬಂತು. ತಿಂಗಳೊಳಗೆ ಭಾವನ ಮನೆಯೊಂದನ್ನು ಬಿಟ್ಟು ಐದರಲ್ಲೂ ಕೊಂಬುಗಳು! ಆರರಲ್ಲೂ ಪಾಠ, ಮೀಟಿಂಗು, ಧಾರಾವಾಹಿ ಎಲ್ಲ ಗೋತಾ.

ಭಾವ ಮನೆಮನೆ ಹತ್ತಿಳಿದರು. "ಎಲ್ರೂ ಒಂದೇ ಗಾಳೀಲಿ ಮಾತಾಡ್ತಿದ್ದೀವಿ. ಒಬ್ರು ಕೂಗಿದ್ರೆ ಪಕ್ಕದೋರೂ ಕೂಗ್ತಾರೆ, ಕೊನೆಗೆ ಯಾರಿಗೂ ಕೇಳ್ಸಲ್ಲ. ನಮ್ಮ ನಮ್ಮ ಗೋಡೆ ಮುಟ್ಟೋವಷ್ಟು ಸಾಕು, ಇಳ್ಸಿ."

"ದೊಡ್ಡೋರು ಹೇಳಿದ್ಮೇಲೆ ಮುಗೀತು" ಎಂದು ಸಾಹೇಬರು ಅಲ್ಲೇ ಇಳಿಸಿದರು. ಮಿಕ್ಕವರೂ ಇಳಿಸಿದರು. ಇಳಿಸದೆ ಉಳಿದವನು ಒಬ್ಬನೇ, ಸ್ವಂತ ಭಾವಮೈದ. ಎಲ್ಲರೂ ಇಳಿಸಿದ ಮೇಲೆ ನನ್ನದು ಚೆನ್ನಾಗಿ ಓಡುತ್ತಿತ್ತು, ನಾನೇಕೆ ಇಳಿಸಲಿ?

ಈ ನಡುವೆ ಅಕ್ಕ ಬದಲಾಗಿದ್ದಳು. ಅವಳಿಗೆ ಎರಡು ಕಿವಿಯೂ ಮಂದ. ಫೋನಿನ ಮಾತು ತಂತಿಯಿಲ್ಲದೆ ನೇರ ಕಿವಿಗೇ ಬರುವಂಥ ಹೊಸ ಯಂತ್ರವನ್ನು ಭಾವ ಹಾಕಿಸಿದ್ದರು. ಆದರೂ ನಾನು ದಿನಾ ಮೇಲಿನಿಂದ ಫೋನ್ ಮಾಡಿದರೆ ಎಲ್ಲಕ್ಕೂ "ಹೂಂ ಕಣೋ, ಹೂಂ" ಅಷ್ಟೇ. ಮಂಡಿ ನೋವು ಎಂದರೂ ಹೂಂ, ಹೊಸ ಬ್ಯಾಚು ಬಂತು ಎಂದರೂ ಹೂಂ. ಇಪ್ಪತ್ತೆರಡು ಮೆಟ್ಟಿಲು ಇಳಿದು ಹೋಗಿ ಕೇಳಬಹುದಿತ್ತು. ಅದು ಬಿಟ್ಟು, ಅಕ್ಕನಿಗೆ ನಾನು ಬೇಡವಾದೆ ಎಂದು ಕೊರಗುತ್ತ ಮಂಚದ ಮೇಲೆ ಕೂತೆ.

ಕಳೆದ ಬುಧವಾರ ಎಂಟು ಕೊಂಬಿನ ಮಹಾರಾಯ ಸುಟ್ಟ ವಾಸನೆ ಬಿಟ್ಟು ಆರಿಹೋದ. ಅಕ್ಕನಿಗೆ ಫೋನ್ ಮಾಡಿ ಎಂದಿನಂತೆ ಗಂಟಲು ಹರಿದುಕೊಂಡೆ.

"ಯಾಕೋ ಹಾಗೆ ಕಿರುಚ್ತೀಯ? ಚೆನ್ನಾಗಿ ಕೇಳಿಸ್ತಿದೆ" ಎಂದಳು!

ಕೆಳಗೆ ಓಡಿದೆ. ಭಾವ ಚಾವಣಿಯತ್ತ ಬೆರಳು ತೋರಿಸಿದರು. ಅಕ್ಕನ ಮಂಚದ ನೆತ್ತಿಗೆ ಸರಿಯಾಗಿ ನನ್ನ ರೂಟರ್! "ಅವಳ ಫೋನು, ಕಿವಿಯಂತ್ರ ಪಿಸುಮಾತಲ್ಲಿ ಮಾತಾಡ್ಕೋತವೆ. ನಿನ್ನ ಅಬ್ಬರದಲ್ಲಿ ಅದು ಮುಳುಗಿ ಹೋಗ್ತಿತ್ತು."

"ನೇರವಾಗಿ ಹೇಳ್ಬಾರ್ದಿತ್ತಾ ಭಾವ?"

"ಆಣೆ ಹಾಕ್ಸಿದ್ಲು. ಅವನ ಪಾಠ ನಿಂತ್ಹೋದೀತು, ಹೇಳ್ಬೇಡಿ ಅಂತ. ಅದಕ್ಕೇ ಇಡೀ ಬಿಲ್ಡಿಂಗ್‌ಗೆ ಹೇಳ್ಕೊಂಡು ತಿರುಗ್ದೆ."

ನೋಟ್‌ಬುಕ್ಕು ಹಿಡಿದು ಕೋಳಿ ಅಂಗಡಿಯವರೆಗೆ ನಡೆದದ್ದು ಇದಕ್ಕೆ! ನಾಚಿಕೆಯಾಯಿತು. ಅಕ್ಕನ ಕಡೆ ತಿರುಗಿದೆ. "ಏನೂ ಕೇಳಿಸ್ದೇ ಇದ್ರೆ ಹೂಂ ಹೂಂ ಅಂತ ಯಾಕೆ ಅಂತಿದ್ದೆ?"

"ಕೇಳ್ಸಲ್ಲ ಅಂದ್ರೆ ನೀನು ಫೋನ್ ಮಾಡೋದೇ ಬಿಟ್ಬಿಡ್ತೀಯೇನೋ ಅಂತ."

ಬೀದಿಗೆಲ್ಲ ಕೇಳಿಸುವ ಗಂಟಲಿನವನು ನಾನು, ಅವಳ ಮಂಚದ ತುದಿಗೆ ಹೋಗಿ ಕೂತೆ.

ಹೊಸ ರೂಟರಿಗೆ ಎರಡೇ ಕೊಂಬು, ಶಕ್ತಿ ಅತಿ ಕಡಿಮೆ. ಪಾಠ ಸರಾಗವಾಗಿ ನಡೆದಿದೆ. ಆದರೆ ಅಕ್ಕನಿಗೆ ಈಗ ಫೋನ್ ಮಾಡುವುದಿಲ್ಲ. ಸಂಜೆಯಾದರೆ ಇಪ್ಪತ್ತೆರಡು ಮೆಟ್ಟಿಲು ಇಳಿಯುತ್ತೇನೆ. "ಚಪ್ಪಲಿ ಸದ್ದೂ ಸ್ವಲ್ಪ ಇಳ್ಸಯ್ಯ" ಎನ್ನುತ್ತಾರೆ ಭಾವ. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಅಕ್ಕನ ಪಕ್ಕ ಕೂತುಕೊಳ್ಳುತ್ತೇನೆ. ಅವಳು ಮಾತಾಡುತ್ತಾಳೆ. ನಾನು ಹೂಂ ಎನ್ನುತ್ತೇನೆ.